ಮುಚ್ಚಳದ ತೂತುಗಳು

ಹಿಸಯೊ ನಮ್ಮ ಪಕ್ಕದ ಮನೆಯವಳು. ಊಟದ ಡಬ್ಬಿ ಕಟ್ಟುವ ಅಂಗಡಿಯಲ್ಲಿ ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತು ಅನ್ನ ತುಂಬುತ್ತಾಳೆ. ಅವಳು ಬಾಯಿಬಿಟ್ಟು ಆಸೆಪಟ್ಟದ್ದು ಒಂದನ್ನೇ: ಮನೆಯ ಹಿಂಬದಿಯ ಪುಟ್ಟ ಕೋಣೆ. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುತ್ತಾ, ಬಟ್ಟೆ ಬದಲಿಸುತ್ತಾ ವರ್ಷಗಟ್ಟಲೆ ಅಲ್ಲೇ ಕಳೆದಿದ್ದಳು. ಆ ಮನೆಯಲ್ಲಿ ಏಸಿ ಇರುವುದೂ ಅಲ್ಲೊಂದೇ. "ಅಮ್ಮ ಹೋದ್ಮೇಲೆ ಆ ಕೋಣೆ ನಿಂದೇ" ಎಂದು ಗಂಡ ಕತ್ಸುಜಿ ಹೇಳಿದ್ದ.

ಅತ್ತೆ ಹೋದಳು. ಕೋಣೆಗೆ ಬಾಟಲಿಗಳು ಬಂದವು. ಕತ್ಸುಜಿಗೆ ನಿವೃತ್ತಿಯ ಮೇಲೆ ಕೊಂಬಿನ ಕರಿಜೀರುಂಡೆ ಸಾಕುವ ಹುಚ್ಚು ಹತ್ತಿತ್ತು. ಬಾಟಲಿ ತುಂಬ ಕೊಳೆತ ಮರದ ಹುಡಿ, ಅದರೊಳಗೆ ಮುಂದೆ ಜೀರುಂಡೆಯಾಗುವ, ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳು. ಸುಡುಬಿಸಿಲಿಗೆ ಹೆಸರಾದ ನಮ್ಮೂರು ಕುಮಗಾಯದ ಬೇಸಿಗೆ ಹುಳುಗಳಿಗೆ ಆಗಿಬರುವುದಿಲ್ಲ. "ಚಳಿ ಬೀಳೋ ತನಕ ಏಸಿ ಕೋಣೇಲಿ ಇರ್ಲಿ" ಅಂದ.

ಸಾಕುವವನು ಅವನು, ಹುಡಿ ಕಲಸುವವಳು ಇವಳು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಹನಿ ತೊಟ್ಟಿಕ್ಕಬಾರದು. ಅವನು ಕುರ್ಚಿಯಲ್ಲಿ ಕೂತು "ಇನ್ನೊಂಚೂರು ನೀರು" ಅನ್ನುತ್ತಿದ್ದ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ವಸಂತದಲ್ಲಿ ಚೆರ್ರಿ ಹೂ ಬಿಟ್ಟಾಗಲೇ ಕೆಟ್ಟು ನಿಂತಿತ್ತು. ಅದನ್ನು ನೋಡಲು ಅವನಿಗೆ ಪುರುಸೊತ್ತಾಗಲಿಲ್ಲ.

ಆಗಸ್ಟಿನಲ್ಲಿ ಹಿರಿಯರ ಹಬ್ಬ ಬಂತು. ತೀರಿಕೊಂಡ ಅತ್ತೆ ಎಡೆ ಉಣ್ಣಲು ಮನೆಗೆ ಬರುವ ಮೊದಲ ಹಬ್ಬ. ನಾದಿನಿ ಮಚಿಕೊ ಮಕ್ಕಳೊಂದಿಗೆ ಬಂದಿಳಿದಳು. ಒದ್ದೆ ಹುಡಿಯಲ್ಲಿ ಹುಟ್ಟಿದ ಗುಂಗುರುಗಳು ಮುಚ್ಚಳದ ತೂತುಗಳಿಂದ ಹೊರಬಿದ್ದು ಎಡೆಯ ಹಣ್ಣಿಗೆ ಮುತ್ತಿದ್ದವು.

"ಏನತ್ತಿಗೆ, ಅಮ್ಮನಿಗಿಟ್ಟ ಪೀಚ್ ಹಣ್ಣೋ, ಗುಂಗುರಿಗಿಟ್ಟಿದ್ದೋ? ಪಾಪ, ಅಮ್ಮ ಬಂದ್ರೆ ಕೈಬೀಸ್ಕೊಂಡೇ ಊಟ ಮಾಡ್ಬೇಕು!"

ಹಿಸಯೊ ಎದ್ದು ಬಾಟಲಿಗಳ ಕೋಣೆಗೆ ಹೋದಳು. ಅಗಲದ ಅಂಟುಪಟ್ಟಿ ತಂದು ಎಲ್ಲ ಮುಚ್ಚಳಗಳ ತೂತುಗಳ ಮೇಲೂ ಅಂಟಿಸಿದಳು. ನೆಂಟರು ಹೋದ ತಕ್ಷಣ ತೆಗೆದರಾಯಿತು ಅಂದುಕೊಂಡಳು. ನೆಂಟರು ಹೋದರು. ಪಾತ್ರೆಯ ರಾಶಿ, ಒಣಹಾಕಬೇಕಾದ ಹಾಸಿಗೆಗಳು, ಮತ್ತೆ ಅಂಗಡಿ. ಅಂಟುಪಟ್ಟಿ ಮರೆತೇಹೋಯಿತು.

ಒಂದು ಸಂಜೆ ಅವಳು ಮೀನು ಸುಡುತ್ತಾ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಕತ್ಸುಜಿ ಕೂಗಿದ. ಹೋಗಿ ನೋಡಿದರೆ ಬಾಟಲಿಗಳ ಒಳಗೋಡೆಯೆಲ್ಲ ನೀರಿನ ಹನಿ. ಹುಡಿಯೊಳಗೆ ಇರಬೇಕಾದ ಹುಳುಗಳು ಮೇಲೆ ಬಂದು ಮುಚ್ಚಳಕ್ಕೆ ತಲೆಯೊತ್ತಿ ಬಿದ್ದಿದ್ದವು.

"ಉಸಿರುಕಟ್ಟಿ ಮೇಲೆ ಬಂದಿದಾವೆ ಕಣೇ! ಗಾಳಿ ಇಲ್ದೆ ಯಾವ ಜೀವ ಬದುಕುತ್ತೆ? ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಹಿಸಯೊ ಹೊಗೆಗೆ ಕೆಮ್ಮಿದಳು.

"ಕೂತ್ಕೋ ಇಲ್ಲೇ. ಪಟ್ಟಿ ಕಿತ್ತು, ಹನಿ ಒರೆಸಿ, ಒಂದೊಂದೂ ಕೆಳಗಿಳಿಯೋ ತನಕ ನೋಡ್ತಿರು. ಎದ್ದೀಯ ಜೋಕೆ!"

"ಒಲೆ ಮೇಲೆ ಮೀನಿದೆಯಲ್ರೀ."

"ಮೀನು ನಾನು ನೋಡ್ಕೋತೀನಿ!"

ಅವನು ಬಾಗಿಲೆಳೆದುಕೊಂಡು ಹೋದ. ಅವಳು ಪಟ್ಟಿ ಕಿತ್ತಳು, ಹನಿ ಒರೆಸಿದಳು, ಕೂತಳು. ತಣ್ಣನೆಯ ಗಾಳಿ ಕತ್ತಿನ ಬೆವರಿಗೆ ತಾಗಿತು. ಆ ಕೋಣೆಯಲ್ಲಿ ಕೈಯಲ್ಲೇನೂ ಕೆಲಸವಿಲ್ಲದೆ ಅವಳು ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಒಂದು ಹುಳು ತಲೆ ತಗ್ಗಿಸಿ ಹುಡಿಯೊಳಗೆ ಇಳಿಯಿತು. ಆಮೇಲೆ ಇನ್ನೊಂದು. ಕೊನೆಯದೂ ಮರೆಯಾದಾಗ ಅವಳು ದಿಂಬೊಂದನ್ನು ಎಳೆದುಕೊಂಡು ಚಾಪೆಯ ಮೇಲೆ ಕಾಲು ಚಾಚಿದಳು.

"ಇಳಿದ್ವಾ?" ಬಾಗಿಲಾಚೆಯಿಂದ ಅವನ ದನಿ. ಕರಕಲು ಮೀನಿನ ವಾಸನೆಯೂ ಬಂತು.

"ಇನ್ನೂ ಇಲ್ಲ" ಅಂದಳು, ಕಣ್ಣು ಮುಚ್ಚಿಕೊಂಡೇ.

"ಮತ್ತೆ ಊಟ?"

"ನೀರು ಕುದಿಸಿ ಶಾವಿಗೆ ಹಾಕಿ. ಉಕ್ಕುತ್ತೆ, ಅಲ್ಲೇ ನಿಂತಿರಿ."

ಹೆಜ್ಜೆಗಳು ಅಡುಗೆಮನೆಯತ್ತ ಹೋದವು.

ಮರುದಿನ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದಳು. "ಕೊನೆಗೆ ಎಲ್ಲಾ ಇಳಿದ್ವು ಅಂತ ಹೇಳಿದ್ಯೇನೇ?" ಎಂದು ಕೇಳಿದೆ.

"ಒಂದು ಹುಳ ಇನ್ನೂ ಮೇಲೇ ಇದೆ ಅಂದಿದೀನಿ. ಮಧ್ಯಾಹ್ನ ಹೋಗಿ ಕೂರ್ಬೇಕು" ಎನ್ನುತ್ತಾ ಅವಳು ಅನ್ನದ ನಡುವೆ ಉಪ್ಪಿನಕಾಯಿ ಒತ್ತಿ, ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದಳು.