ಅತ್ತೆಯ ರೇಸ್ ಕ್ಯಾಲೆಂಡರ್

ನಮ್ಮ ಅತ್ತೆಯ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನೆರಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಟಿ.ವಿ.ಯಲ್ಲಿ ಕಾರು ತಿರುವಿಗೆ ಬಂದಾಗ ಪಾದವನ್ನು ನೆಲಕ್ಕೆ ಒತ್ತುವರು, ತಿರುವು ದಾಟಿದ ಮೇಲೆ ಮೆಲ್ಲಗೆ ಎತ್ತುವರು. ಹಾಲಿನ ಕೆಂಪು ಗಾರೆ ನೆಲ ಆ ಜಾಗದಲ್ಲಿ ಮಾತ್ರ ಮಾಸಿ ಹೋಗಿತ್ತು. ಸ್ವತಃ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿನ ಕೆಲಸ ಮಾಡಿ ನಿವೃತ್ತರಾದವರು. ಕೆಲಸವಿದ್ದಷ್ಟು ಕಾಲ ಕೂತೇ ಇದ್ದೆ, ಇನ್ನು ನನ್ನ ಕೈಲಿ ಕೂರೋಕಾಗಲ್ಲ ಎನ್ನುತ್ತಿದ್ದರು. ಕಾಫಿಯನ್ನು ನಿಂತೇ ಕುಡಿಯುವರು. ಫೋನು ಬಂದರೆ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಮಾತಾಡುವರು. ರೇಸಿನ ಹುಚ್ಚು ಹತ್ತಿದ್ದು ನಮ್ಮ ಮಾವ ಲಕ್ವ ಹೊಡೆದು ಹಾಸಿಗೆ ಹಿಡಿದಾಗ. ಅವರಿಗೆ ನಿದ್ದೆ ಕೆಡಬಾರದೆಂದು ಟಿ.ವಿ.ಯ ಸದ್ದು ಪೂರಾ ತೆಗೆದಿಟ್ಟು, ಚಾನೆಲ್ ಬದಲಿಸುತ್ತಾ ಬದಲಿಸುತ್ತಾ ಒಂದು ಭಾನುವಾರ ಈ ಕಾರುಗಳ ಮೇಲೆ ಕಣ್ಣು ಬಿತ್ತಂತೆ. ತಲೆಯ ಮೇಲೆ ಸೂರಿಲ್ಲದ, ಚಕ್ರಗಳೆಲ್ಲ ಹೊರಗೇ ಕಾಣುವ, ಬಾಣದಂಥ ಫಾರ್ಮುಲಾ ಕಾರುಗಳು. ಒಂದೊಂದು ದೇಶದ ಟ್ರ್ಯಾಕಿನಲ್ಲಿ ಒಂದೊಂದು ರೇಸು, ಎಲ್ಲ ಸೇರಿ ವರ್ಷಕ್ಕೊಂದು ಸೀಸನ್. ಮಾವ ತೀರಿಕೊಂಡ ಮೇಲೂ ಆ ಅಭ್ಯಾಸ ಹೋಗದೆ ಅತ್ತೆ ರೇಸನ್ನು ಕಣ್ಣಲ್ಲಿ ಮಾತ್ರ ನೋಡುತ್ತಿದ್ದರು.

ನಾನು ಪಂಚನಹಳ್ಳಿಯಿಂದ ಸೊಸೆಯಾಗಿ ಬಂದವಳು. ದೊಡ್ಡವರು ಏನು ಹೇಳಿದರೂ ತಲೆಯಾಡಿಸಿ ಅಭ್ಯಾಸ. ಬಂದ ಹೊಸದರಲ್ಲೇ ಒಂದು ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು, "ಈ ಟ್ರ್ಯಾಕು ಸೀಸನ್ನಲ್ಲಿ ಇರ್ಬೇಕಾ, ಬೇಡ್ವಾ?" ಎಂದು ಕೇಳಿದರು.

"ನೀವು ಹೇಳ್ದಂಗೆ ಅತ್ತೆ."

"ನಾನು ಹೇಳೋದು ನಂಗೊತ್ತು ಕಣೇ. ನಿಂದೇನು?"

ಚೆನ್ನಾಗಿದೆ ಎಂದೆ. ಅದಕ್ಕೂ ಬಿಡಲಿಲ್ಲ. "ಚೆನ್ನಾಗೈತೆ ಅಂದ್ರೆ ಸಾಲ್ದು. ಕಾರಣ ಹೇಳು." ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಕಾರಣ ಕೇಳಿರಲಿಲ್ಲ.

ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ ನಮ್ಮ ಹಾಲಿನಲ್ಲಿ ಒಂದು ಪಂಚಾಯಿತಿ ಸೇರುತ್ತಿತ್ತು. ತರೀಕೆರೆಯ ಒಬ್ಬ ವಕೀಲರು, ಅಜ್ಜಂಪುರದ ಈರುಳ್ಳಿ ವ್ಯಾಪಾರಿ, ಕಡೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಫೋನಿನ ಗುಂಪೊಂದರಲ್ಲಿ ರೇಸಿನ ಜಗಳವಾಡುತ್ತಲೇ ಪರಿಚಯವಾದವರು. ಯಾವ ಟ್ರ್ಯಾಕ್ ಇರಬೇಕು, ಯಾವುದು ಹೋಗಬೇಕು ಎಂದು ಇವರು ತೀರ್ಮಾನಿಸುವರು. ರೇಸ್ ನಡೆಸುವವರಿಗೆ ಬೀರೂರು ಎಂಬ ಊರಿದೆಯೆಂದೇ ಗೊತ್ತಿರಲಿಕ್ಕಿಲ್ಲ, ಆದರೂ ಇಲ್ಲಿ ಗಂಟಲು ಹರಿಯುವ ಹಾಗೆ ವಾದ. ಅತ್ತೆಯ ಕಾಯಿದೆ ಒಂದೇ: ಹೊಸದೊಂದನ್ನು ಒಳಗೆ ತರುವವನು ಹಳೆಯದೊಂದನ್ನು ತಾನೇ ಹೊರಗೆ ಹಾಕಬೇಕು, ಕಾರಣ ಕೊಟ್ಟು. ಬೆಲ್ಜಿಯಂನ ಸ್ಪಾ, ಜಪಾನಿನ ಸುಜುಕಾಗಳನ್ನು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಜಗಳವೆಲ್ಲ ಊರಿನ ಇಕ್ಕಟ್ಟು ಬೀದಿಗಳಲ್ಲೇ ಓಡುವ ಮೊನಾಕೊದ್ದು.

"ಮೊನಾಕೊ ತೆಗೀರಿ. ಮುಂದಿನವನನ್ನ ಹಿಂದೆ ಹಾಕೋಕೆ ಜಾಗಾನೇ ಇಲ್ಲ. ಅದು ರೇಸಾ, ಮದುವೆ ದಿಬ್ಬಣಾನಾ?" ಎಂದು ಅತ್ತೆ ಹಾಲಿನ ಉದ್ದಕ್ಕೂ ಓಡಾಡುತ್ತಿದ್ದರು.

"ಅದು ಹೋದ್ರೆ ಸೀಸನ್‌ಗೆ ಕಳೆನೇ ಇರಲ್ಲ ಕಣಮ್ಮ," ಎಂದರು ವಕೀಲರು.

"ಕಳೆ ಅನ್ನೋದು ಕಾರಣ ಅಲ್ಲ, ವಕೀಲ್ರೇ."

ನಾನು ಬಜ್ಜಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. "ಇರ್ಲಿ ಅತ್ತೆ," ಅಂದುಬಿಟ್ಟೆ. ಎಲ್ಲರೂ ತಿರುಗಿದರು. ತಟ್ಟೆಯನ್ನು ಕೆಳಗಿಟ್ಟೆ. "ಬೇರೆ ಕಡೆ ತಪ್ಪಿದ್ರೆ ಪಕ್ಕದಲ್ಲಿ ಬಯಲೈತೆ, ತಿರುಗಿಸ್ಕೊಂಡು ಬರ್ಬೋದು. ಇಲ್ಲಿ ಬರೀ ಗೋಡೆ. ಅಷ್ಟು ಇಕ್ಕಟ್ಟಲ್ಲಿ ಕೊನೇವರೆಗೂ ಒಂದ್ಸಲಾನೂ ತಪ್ಪದೆ ಓಡ್ಸೋದು ಕಮ್ಮಿ ಕೆಲ್ಸಾನಾ? ನಂಗೆ ಅದನ್ನ ನೋಡೋಕಿಷ್ಟ."

ಅತ್ತೆ ನಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನಾನು ಒಪ್ಪಲ್ಲ," ಎಂದರು. ಆಮೇಲೆ ವಕೀಲರತ್ತ ತಿರುಗಿ, "ಆದ್ರೆ ಕಾರಣ ಅಂದ್ರೆ ಇದು ಕಣ್ರೀ," ಎಂದರು. ಅವತ್ತು ಬಜ್ಜಿ ಆರಿಹೋಗುವವರೆಗೂ ಅವರು ನನ್ನ ಜೊತೆಗೇ ಜಗಳವಾಡಿದರು.

ಇನ್ನೊಂದು ಹಟವೂ ಅವರಿಗಿತ್ತು. ದೆಹಲಿಯ ಹತ್ತಿರ ನಮ್ಮ ದೇಶದಲ್ಲೂ ಕೆಲವು ವರ್ಷ ಈ ರೇಸು ನಡೆದಿತ್ತು. ಮಾವನನ್ನು ಬಿಟ್ಟು ಹೋಗುವಂತಿರಲಿಲ್ಲ, ಮುಂದಿನ ವರ್ಷ ಹೋದರಾಯಿತು ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ರೇಸೇ ನಿಂತುಹೋಯಿತು. ಪ್ರತಿ ಪಂಚಾಯಿತಿಯಲ್ಲೂ ಅದನ್ನು ವಾಪಸ್ ತರಬೇಕೆಂದು ಅತ್ತೆಯ ವಾದ. ಅದರ ಮಾತು ಬಂದಾಗ ದನಿ ಸ್ವಲ್ಪ ಜಾಸ್ತಿಯೇ ಏರುತ್ತಿತ್ತು.

ಆಮೇಲೆ ಅವರ ಹೃದಯ ಕೈಕೊಡತೊಡಗಿತು. ದಣಿವಾಗಬಾರದು ಎಂದು ಶಿವಮೊಗ್ಗದ ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಚೆನ್ನೈಯಲ್ಲಿ ನಮ್ಮ ದೇಶದ ಹುಡುಗರು ಓಡಿಸುವ ಚಿಕ್ಕ ಫಾರ್ಮುಲಾ ಕಾರುಗಳ ರೇಸಿದೆಯೆಂದು ಕಡೂರಿನ ಹುಡುಗಿ ತಿಳಿಸಿದಳು. ಅತ್ತೆ ಹೋಗಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಮನೆಯೊಳಗೆ ಓಡಾಡುವುದು ಮಾತ್ರ ಇನ್ನೂ ಹೆಚ್ಚಾಯಿತು.

ಊಟಕ್ಕೆ ಕೂತಾಗ ನಾನೇ ಮಾತು ತೆಗೆದೆ. ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮನ ಎದೆ ಹೆಂಗೈತೆ ಅಂತ ಗೊತ್ತಿದ್ದೂ ಚೆನ್ನೈ ಅಂತೀಯಲ್ಲ. ಟಿ.ವಿ.ಲಿ ನೋಡಿದ್ರೆ ಸಾಲ್ದಾ?"

ನಾನು ಅತ್ತೆಯ ಕಡೆ ನೋಡಿದೆ. ಅಷ್ಟು ಮಾತಿನವರು, ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು.

"ಸಾಲ್ದು ಕಣ್ರೀ," ಎಂದೆ. "ಡಾಕ್ಟ್ರು ದಣೀಬಾರ್ದು ಅಂದ್ರು, ಮನೇಲೇ ಇರ್ಬೇಕು ಅನ್ನಲಿಲ್ಲ. ನಾನೇ ಫೋನ್ ಮಾಡಿ ಕೇಳಿದೀನಿ. ರೈಲಲ್ಲಾದ್ರೆ ಮಲಗಿರ್ತಾರೆ, ಇಲ್ಲಿ ದಿನವಿಡೀ ಓಡಾಡ್ತಾರೆ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಅವ್ರು ಒಂದ್ಸಲ ತಪ್ಪಿಸ್ಕೊಂಡಿದಾರೆ. ಇನ್ನೊಂದ್ಸಲ ಹಂಗನ್ನೋಕೆ ನಂಗೆ ಬಾಯಿ ಬರಲ್ಲ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಪಕ್ಕದಲ್ಲಿ ನಾನಿರ್ತೀನಿ."

ಅವರು ಕೈತೊಳೆದು ಎದ್ದು ಹೋದರು. ಮಾರನೆಯ ಸಂಜೆ ಟಿಕೆಟ್ ಮಾಡಿಸಿಕೊಂಡು ಬಂದರು, ಎರಡೂ ಕೆಳಗಿನ ಬರ್ತು. ಅತ್ತೆ ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ, "ಮೂರು ಕಾರಣ ಕೊಟ್ಟೆ. ನಡುವಿಂದು ತೀರಾ ಪೊಳ್ಳು. ರೈಲಲ್ಲಿ ನಾನ್ಯಾವತ್ತು ಮಲಗಿದೀನಿ?" ಎಂದರು. ಹೇಳಿದ ಹಾಗೆಯೇ, ಬೀರೂರು ಬಿಟ್ಟಾಗಿನಿಂದ ಬೋಗಿಯ ಈ ಬಾಗಿಲಿಂದ ಆ ಬಾಗಿಲಿಗೆ ನಡೆಯುತ್ತಲೇ ಇದ್ದರು. ನಾನು ಅವರ ಹಿಂದೆ ಮಾತ್ರೆ, ನೀರಿನ ಬಾಟಲಿ ಹಿಡಿದು.

ಟ್ರ್ಯಾಕಿನಲ್ಲಿ ಜನ ಹೆಚ್ಚಿರಲಿಲ್ಲ. ಬಿಸಿಲು ಮಾತ್ರ ಸುಡುತ್ತಿತ್ತು. ಒಂದು ತಿರುವಿನ ಬೇಲಿಗೆ ಬೆರಳು ಸಿಕ್ಕಿಸಿಕೊಂಡು ಅತ್ತೆ ನಿಂತರು. ಕಾರುಗಳು ಒಟ್ಟಾಗಿ ನುಗ್ಗಿ ಬಂದಾಗ ಆ ಸದ್ದಿಗೆ ಬೇಲಿಯ ತಂತಿಯೇ ಅದುರಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ನನಗೆ ಜೀವವೇ ಹೋಯಿತು.

"ಅತ್ತೆ, ನೋವಾ? ಹೊರಡೋಣ ಬನ್ನಿ."

"ಸುಮ್ನಿರೇ. ನೋವಲ್ಲ." ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಇವುಗಳ ಮುಖ ನೋಡಿದ್ದೆ. ಇವತ್ತು ಮಾತು ಕೇಳಿಸ್ತು."

ರೇಸು ಮುಗಿದ ಮೇಲೆ ಮೆಟ್ಟಿಲಿಗೆ ಬೆನ್ನು ಒರಗಿಸಿ, ಕಾಲು ಚಾಚಿ ಕೂತರು. ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಪಂಚಾಯಿತಿಯಲ್ಲಿ ಅತ್ತೆ ದೆಹಲಿಯ ಟ್ರ್ಯಾಕಿನ ಹಟವನ್ನು ತಾವೇ ಬಿಟ್ಟುಕೊಟ್ಟರು. ವಕೀಲರು ಬೆರಗಾದರು. "ಅದು ರೇಸಿಗೆ ಬೇಕು ಅಂತ ನಾನು ಕೇಳ್ತಿರ್ಲಿಲ್ಲ, ನಂಗೆ ಬೇಕು ಅಂತ ಕೇಳ್ತಿದ್ದೆ," ಎಂದರು ಅತ್ತೆ. ನಾನು ಎದ್ದು ಅದು ಇರಲೇಬೇಕೆಂದು ವಾದಿಸಿದೆ, ಅದರ ಏರಿಳಿತ, ಅಗಲವಾದ ತಿರುವುಗಳನ್ನು ಕಾರಣ ಕೊಟ್ಟು. ಕಾಯಿದೆಯಂತೆ ಹಳೆಯದೊಂದನ್ನು ಹೊರಗೂ ಹಾಕಿದೆ. ಕೊನೆಗೆ ಕೈಯೆತ್ತಿಸಿದಾಗ ನಾನು ಗೆದ್ದೆ. ಅವತ್ತು ಇಡೀ ಸಂಜೆ ಅತ್ತೆ ನನ್ನನ್ನು ಬೈಯುತ್ತಾ ಖುಷಿಯಾಗಿದ್ದರು.

ಆ ಸೀಸನ್ ಅರ್ಧಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಅಂಗಳದಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದವರು ಗೋಡೆ ಹಿಡಿದು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಮಣ್ಣಿಗೆ ತರೀಕೆರೆ, ಅಜ್ಜಂಪುರ, ಕಡೂರಿನ ಆ ಮೂವರೂ ಬಂದು ನೆಂಟರ ಜೊತೆಗೇ ನಿಂತರು.

ತಿಂಗಳಾದ ಮೇಲೆ ಒಂದು ಭಾನುವಾರ ನಾನು ಒಬ್ಬಳೇ ಟಿ.ವಿ. ಹಾಕಿಕೊಂಡೆ. ದೂರದ ಒಂದು ನಗರದ ಬೀದಿಗಳಲ್ಲಿ, ದೀಪಗಳ ಕೆಳಗೆ ಓಟ ನಡೆದಿತ್ತು. ಎಂದೂ ರೇಸು ನೋಡದ ನಮ್ಮ ಯಜಮಾನರು ಬಂದು ಪಕ್ಕದಲ್ಲಿ ಕೂತರು. ತುಂಬ ಹೊತ್ತು ನೋಡಿ, "ಈ ಟ್ರ್ಯಾಕಿಗೆ ಅಮ್ಮ ಏನಂತಿದ್ಲು?" ಎಂದರು.

"ಅತ್ತೆ ಬೇಡ ಅಂತಿದ್ರು," ಎಂದೆ. "ನಾನು ಇರ್ಲಿ ಅಂತೀನಿ."

"ಯಾಕೆ?"

ಹೇಳತೊಡಗಿದೆ. ಅವರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಅವತ್ತು ಅಡುಗೆಗೆ ಬಹಳ ತಡವಾಯಿತು.