ಜರ್ಮನ್ ಪಟದ ಕಿಮ್ಮತ್ತು

"ಜರ್ಮನ್ ಎಷ್ಟವ?" ಎಂದು ಕೇಳಿದರು ಬಸಣ್ಣ ಕಾಕಾ.

"ದೊಡ್ಡ ಬೋಗುಣಿ ನಾಕು, ಚಾದ ಕಿಟ್ಲಿ ಎರಡು, ಪಟ ಒಂದು," ಎಂದ ನನ್ನ ಸಣ್ಣ ಮಾಮ.

ಕಾಕಾ ಹಾಗೇ ಬರೆದುಕೊಂಡು ಮುಂದಿನ ಸಾಮಾನಿಗೆ ಹೋದರು.

ನಮ್ಮ ಯಾದಗಿರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಅನ್ನುತ್ತಾರೆ. ತಾಮ್ರ, ಹಿತ್ತಾಳೆ, ಸ್ಟೀಲು, ಎಲ್ಲಕ್ಕಿಂತ ಕೆಳಗೆ ಜರ್ಮನ್. ಅಣ್ಣತಮ್ಮಂದಿರು ಬೇರೆಯಾಗುವಾಗ ಚಮಚಕ್ಕೂ ಜಗಳ ಆಡುತ್ತಾರೆ, ಜರ್ಮನ್‌ಗೆ ಮಾತ್ರ ಆಡುವುದಿಲ್ಲ. ಹೀಗೆ ಜರ್ಮನಿ ದೇಶದ ಒಬ್ಬ ಚಿತ್ರಕಾರ ಕ್ಯಾನ್ವಾಸಿನ ಮೇಲೆ ಬರೆದ ಎಣ್ಣೆಬಣ್ಣದ ಚಿತ್ರ, ಸುರಪುರದ ನನ್ನ ಅಜ್ಜನ ಮನೆಯ ಪಾಲಿನ ಪಟ್ಟಿಯಲ್ಲಿ ಚಾದ ಕಿಟ್ಲಿಯ ಪಕ್ಕ ಹೋಗಿ ಕುಳಿತಿತು.

ಅಜ್ಜ ತೀರಿಕೊಂಡು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಚಹಾದ ಹೋಟೆಲು, ಹಿಂದೆ ಮನೆ, ಮೇಲೆ ಒಂದೇ ಒಂದು ಕೋಣೆ. ಮಾಮಂದಿರಿಬ್ಬರು. ದೊಡ್ಡವನು ಯಂಕಪ್ಪ, ಸಣ್ಣವನು ಹಣಮಂತ. ಬಸಣ್ಣ ಕಾಕಾ ಅಜ್ಜನ ಗೆಳೆಯ, ಊರಿನ ಎಷ್ಟೋ ಮನೆಗಳ ಪಾಲು ಮಾಡಿಕೊಟ್ಟ ಹಿರಿಯ. ಮಾಮಂದಿರಿಬ್ಬರ ನಡುವಿನವಳು ನನ್ನ ಅವ್ವ, ಮಾನಮ್ಮ. ಶಹಾಪುರಕ್ಕೆ ಕೊಟ್ಟ ಹೆಣ್ಣು.

ಅವ್ವನನ್ನೂ ಕರೆಸಿದ್ದರು. ಪಾಲಿಗಲ್ಲ, ಸಹಿಗೆ.

ಅಪ್ಪನ ಆಸ್ತಿಯಲ್ಲಿ ಮಗಳಿಗೂ ಸಮ ಹಕ್ಕು ಅಂತ ಕಾನೂನು ಇದೆಯಲ್ಲ? ಹಾಗಾಗಿ "ನನಗೇನೂ ಬೇಡ" ಅಂತ ಮಗಳು ಬರೆದುಕೊಡದೆ ಗಂಡುಮಕ್ಕಳ ಪಾಲು ಗಟ್ಟಿಯಾಗುವುದಿಲ್ಲ. ಹೊಸ ಸೀರೆ, ಕುಬಸದ ಕಣ, ಎಲೆ ಅಡಿಕೆ ತಟ್ಟೆಯಲ್ಲಿ ತಯಾರಿದ್ದವು. ಟೈಪ್ ಮಾಡಿಸಿದ ಕಾಗದವೂ ತಯಾರಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ತಟ್ಟೆ ಯಾವಾಗಲೋ ಬಂದಿರುತ್ತದೆ, ನೆನಪು ಮಾಡಿಕೊಳ್ಳಿ.

ಅವತ್ತೇ ಎಲ್ಲ ಮುಗಿದುಹೋಗುತ್ತಿತ್ತು. ಮುಗಿಯದಂತೆ ಮಾಡಿದ್ದು ಆ ಪಟ.

"ಕಾಕಾ, ಪಟ ಜರ್ಮನ್‌ನ್ಯಾಗ ಯಾಕ ಬರ್ದ್ರಿ? ಅದು ಪಾತ್ರಿ ಏನು?" ಎಂದು ನಾನು ನಕ್ಕೆ.

"ನಿಮ್ಮ ಮಾಮನ ಹೇಳ್ಯಾನಲ್ಲವಾ, ಜರ್ಮನ್ ಪಟ ಅಂತ. ತಗಡಿಂದಲ್ಲೇನು?"

"ಬಟ್ಟಿದ್ರಿ. ಬರ್ದವ ಜರ್ಮನಿಯವ."

ಸಣ್ಣ ಮಾಮ ಕಿವಿ ನೆಟ್ಟಗೆ ಮಾಡಿದ. "ಅಂವಾ ಈಗ ದೊಡ್ಡ ಮನಿಷ್ಯಾ ಆಗ್ಯಾನಂತ. ಮೊಬೈಲ್‌ನ್ಯಾಗ ಅಂವನ ಫೋಟೊ ನೋಡೀನಿ, ಕೋಟು ಹಾಕ್ಕೊಂಡಾನ."

ಕಾಕಾ ಪೆನ್ನು ಕೆಳಗಿಟ್ಟರು. "ಹಂಗಿದ್ರ ಪಾಲು ಮುಂದ ಹೋಗಂಗಿಲ್ಲ. ಕಿಮ್ಮತ್ತು ಕಟ್ಟಲಾರದ ಮಾಲು ಯಾರ ಪಾಲಿಗೆ ಹಾಕ್ಲಿ? ಏ ಡಿಗ್ರಿ ಅವ್ವ, ನೀನ ನೋಡಿ ಹೇಳು, ಅಂವಂದು ಬಜಾರದಾಗ ಏನು ಕಿಮ್ಮತ್ತು ಅದ."

ಡಿಗ್ರಿ ಅವ್ವ ಅಂದರೆ ನಾನು. ಅವ್ವನ ಕಡೆ, ಅಪ್ಪನ ಕಡೆ, ಎರಡೂ ಕಡೆ ಸೇರಿ ಮೊದಲು ಕಾನ್ವೊಕೇಶನ್ ಗೌನು ಹಾಕಿದವಳು. ಅಪ್ಪ ಶಹಾಪುರದ ಗಂಜಿನಲ್ಲಿ, ಅಂದರೆ ಹತ್ತಿ ಕಾಳು ಮಾರುವ ಮಾರುಕಟ್ಟೆಯಲ್ಲಿ, ಹಮಾಲಿ, ಹತ್ತಿ ಮೂಟೆ ಹೊತ್ತು ಓದಿಸಿದ. ಕಾಕಾ ಅಣಕಿಸಲು ಹಾಗೆ ಕರೆಯುತ್ತಾರೆ. ನನಗೆ ಅಣಕ ಅನ್ನಿಸುವುದೇ ಇಲ್ಲ. ಕರೆಯಲಿ, ಗಳಿಸಿದ ಹೆಸರು.

ಪಟದ ಕಥೆ ಇಷ್ಟು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಚಳಿಗಾಲ, ಸುರಪುರದ ಹಳೆಯ ಕಾಲದ ಚಿನ್ನದ ರೇಕಿನ ಚಿತ್ರಗಳನ್ನು ನೋಡಲು ಬಂದ ಆ ಜರ್ಮನಿಯವನು ಅಜ್ಜನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಅಜ್ಜಿ ಹಾಸಿಗೆ ಹಿಡಿದಿದ್ದಳು, ಮತ್ತೆ ಏಳಲಿಲ್ಲ. ಅವಳನ್ನು ನೋಡಿಕೊಳ್ಳಲು ಹೋಗಿದ್ದ ಅವ್ವನೇ ಇವನಿಗೂ ಊಟ ಒಯ್ಯುತ್ತಿದ್ದಳು. ಖಾರ ತಿಂದರೆ ಕಣ್ಣಲ್ಲಿ ನೀರು. ಹಾಗಾಗಿ ಬಿಸಿ ರೊಟ್ಟಿ, ಗಟ್ಟಿ ಮೊಸರು. ಹೋಗುವಾಗ ಒಂದು ಚಿತ್ರ ಬಿಟ್ಟು ಹೋದ. ಆ ಕೋಣೆಯ ಕಿಟಕಿಯಿಂದ ಕಾಣುವ ಗುಡ್ಡ. ಬೂದು, ಕಂದು, ಎಡಗಡೆ ಒಂದು ಹಳದಿ ಗೆರೆ, ಅಷ್ಟೇ.

ದೊಡ್ಡ ಮಾಮ ಅದನ್ನು ನೋಡಿ ಅಂದಿದ್ದು: "ಗ್ವಾಡಿಗೆ ತೇವ ಹತ್ತಿದಂಗ ಅದ."

ಅವ್ವ ಅಂದಿದ್ದು: "ಗುಡ್ಡ ಹಂಗಿಲ್ಲ. ಆದ್ರ ಹಂಗ ಅದ."

ಅಲ್ಲಿಂದ ಅದು ಹೋಟೆಲಿನ ಗೋಡೆಗೆ ಬಂತು. ಮಿರ್ಚಿ ಕರಿಯುವ ಬಾಣಲೆಯ ಎದುರಿಗೇ.

ಇರಲಿ. ಚಿತ್ರಕಾರನ ಕಿಮ್ಮತ್ತು ನೋಡುವುದು ಹೇಗೆ? ಹತ್ತಿಗಾದರೆ ಗಂಜಿನ ಬೋರ್ಡಿದೆ. ಬಂಗಾರಕ್ಕೆ ದಿನಾ ಪೇಪರಿನಲ್ಲಿ ರೇಟು ಬರುತ್ತದೆ. ಚಿತ್ರಕ್ಕೆ?

ಯಾದಗಿರಿಯ ನನ್ನ ಬಾಡಿಗೆ ರೂಮಿನಲ್ಲಿ ಕುಳಿತು ಹುಡುಕಿದೆ. (ಹೆಸರು ಇಲ್ಲಿ ಹೇಳುವುದಿಲ್ಲ. ಬದುಕಿರುವ ಮನುಷ್ಯ, ನಮ್ಮ ಮನೆ ಜಗಳ ಅವನಿಗೇಕೆ?) ಮೊದಲ ಸುದ್ದಿ ಚೆನ್ನಾಗಿತ್ತು. ಅವನ ಚಿತ್ರಗಳನ್ನು ಮಾರುವ ಗ್ಯಾಲರಿ ಇದೆ, ಅದೂ ದೊಡ್ಡ ಊರಿನಲ್ಲಿ. ಒಂದು ಮ್ಯೂಸಿಯಂ ಅವನ ಚಿತ್ರ ಕೊಂಡು ಇಟ್ಟುಕೊಂಡಿದೆ. ಮ್ಯೂಸಿಯಂ ಕೊಂಡಿತು ಅಂದರೆ ಮದುವೆಗೆ ಸಾಹೇಬರು ಬಂದು ಹೋದ ಹಾಗೆ. ಆಮೇಲೆ ಉಳಿದವರೂ ಆ ಮನೆ ಕಡೆ ತಿರುಗಿ ನೋಡುತ್ತಾರೆ.

ಇಷ್ಟನ್ನೇ ಮಾಮಂದಿರಿಗೆ ಫೋನಿನಲ್ಲಿ ಹೇಳಿದೆ. ತಪ್ಪಾಯಿತು.

ಸಂಜೆಯೊಳಗೆ ದೊಡ್ಡ ಮಾಮ ಪಟವನ್ನು ಗೋಡೆಯಿಂದ ಇಳಿಸಿ, ಮದುವೆಯ ಶಾಲಿನಲ್ಲಿ ಸುತ್ತಿ, ಅಲ್ಮಾರಿಯಲ್ಲಿಟ್ಟು ಕೀಲಿ ಹಾಕಿದ. "ಮೊದ್ಲಿಂದ್ಲೂ ನನಗ ಆ ಪಟದ ಮ್ಯಾಲ ಜೀವ ನೋಡವಾ," ಅಂದ. ತೇವ ಹತ್ತಿದ ಗೋಡೆ ಎಲ್ಲಿಗೆ ಹೋಯಿತೋ! ಸಣ್ಣ ಮಾಮ ಬೇರೆ ಫೋನ್ ಮಾಡಿದ. "ಅಂವಗ ಬಸ್ ಸ್ಟ್ಯಾಂಡಿನಿಂದ ಕೈ ಹಿಡ್ಕೊಂಡು ಕರ್ಕೊಂಡು ಬಂದಾಂವ ನಾನು. ಅಣ್ಣ ಅವಾಗ ಊರಾಗ ಇದ್ದಿದ್ದಿಲ್ಲ. ನ್ಯಾಯ ಹೇಳು."

ಕಲಾಪ್ರೇಮ ಹುಟ್ಟಲು ಎಷ್ಟು ಹೊತ್ತು ಬೇಕು? ಒಂದು ಫೋನ್ ಕಾಲ್ ಸಾಕು.

ಡಿಗ್ರಿ ಮಾಡಿದವಳು ಅರ್ಧ ಕೆಲಸ ಮಾಡಬಾರದು. ಆ ಗ್ಯಾಲರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. (ಇಂಗ್ಲಿಷ್ ಪೇಪರ್ ಅಂದರೆ ಜ್ವರ ಬರುತ್ತಿದ್ದ ಹುಡುಗಿ ಈಗ ಜರ್ಮನಿಗೆ ಮೇಲ್ ಬರೆಯುತ್ತಾಳೆ. ಇಷ್ಟು ಹೆಮ್ಮೆಗೆ ಅವಕಾಶ ಕೊಡಿ.) ಉತ್ತರ ಬಂತು, ಮರ್ಯಾದೆಯಿಂದಲೇ ಬಂತು. ಅಳತೆ ಎಷ್ಟು, ಸಹಿ ಇದೆಯೇ, ಚಿತ್ರದ ಸ್ಥಿತಿ ಹೇಗಿದೆ ಎಂದು ಕೇಳಿದ್ದರು. ಸುರಪುರಕ್ಕೆ ಹೋಗಿ, ಅಲ್ಮಾರಿಯಿಂದ ತೆಗೆಸಿ, ಟೇಪು ಹಿಡಿದು ಅಳೆದು, ಫೋಟೊ ಹೊಡೆದು ಕಳಿಸಿದೆ. ಸ್ಥಿತಿಯ ವಿಷಯ ಹೇಗೆ ಬರೆಯಲಿ? ಮಿರ್ಚಿಯ ಹೊಗೆಗೆ ಹಳದಿ ಗೆರೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಒಂದು ಮೂಲೆಯಲ್ಲಿ ಕ್ಯಾಲೆಂಡರ್ ತೂಗುಹಾಕಲು ಹೊಡೆದ ಮೊಳೆಯ ತೂತಿದೆ. ಇದ್ದದ್ದು ಇದ್ದ ಹಾಗೆ ಬರೆದೆ.

ಎರಡನೇ ಉತ್ತರದಲ್ಲಿ ವಿಷಯ ತಿಳಿಯಾಯಿತು. ಅವನ ಇತ್ತೀಚಿನ ದೊಡ್ಡ ದೊಡ್ಡ ಚಿತ್ರಗಳಿಗೆ ಗಿರಾಕಿಗಳಿದ್ದಾರೆ. ಊರೂರು ತಿರುಗುತ್ತಿದ್ದ ಕಾಲದ ಸಣ್ಣ ಚಿತ್ರಗಳನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ನಾನೂ ಹರಾಜಿನ ವೆಬ್‌ಸೈಟುಗಳನ್ನು ತಡಕಾಡಿದೆ. ಅದೇ ಕಾಲದ ಒಂದು ಚಿತ್ರ ಹರಾಜಿಗೆ ಬಂದಿತ್ತು. ಮುಂದೆ ಒಂದೇ ಪದ: ಅನ್‌ಸೋಲ್ಡ್.

"ಕ್ರಿಕೆಟ್‌ನ್ಯಾಗ ಆಟಗಾರರಿಗೆ ಅಂತಾರಲ್ಲ, ಹಂಗೇನು?" ಎಂದ ಸಣ್ಣ ಮಾಮ.

"ಹಂಗ, ಮಾಮಾ."

ಅಲ್ಮಾರಿಯ ಕೀಲಿ ತೆರೆಯಿತು. ಶಾಲು ವಾಪಸ್ ಟ್ರಂಕಿಗೆ ಹೋಯಿತು. ಪಟ ಮತ್ತೆ ಮೊಳೆಗೆ.

ಆ ವಾರ ಶಹಾಪುರಕ್ಕೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಕೇಳಿದಳು, "ಅಂವನ ಪಟ ಯಾರೂ ತಗೊಳ್ಳಲಿಲ್ಲಂದ್ರ, ಕಡಿಮಿಗೆ ಕೊಟ್ಟು ಬರಬೇಕಿಲ್ಲೇನು?"

"ಇಲ್ಲವ್ವ. ಹರಾಜಿಗೆ ಹಾಕೂಕಿಂತ ಮೊದ್ಲ ಒಂದು ರೇಟು ಮಾಡಿರ್ತಾರ. ಅದರ ಕೆಳಗ ಕೂಗಿದ್ರ ಕೊಡಂಗಿಲ್ಲ. ಹೊಳ್ಳಿ ತರ್ತಾರ."

"ಗಂಜ್‌ನ್ಯಾಗ ರೇಟು ಸರಿ ಬರಲಿಲ್ಲಂದ್ರ ರೈತ ಹತ್ತಿ ಗಾಡಿ ಹೊಳ್ಳಿಸ್ಕೊಂಡು ಹೋಗ್ತಾನಲ, ಹಂಗ?"

"ಹಂಗ. ಆದ್ರ ಇಲ್ಲಿ ಒಮ್ಮಿ ಹೊಳ್ಳಿ ಬಂತಂದ್ರ ಹೆಸರಿಗೆ ಪೆಟ್ಟು. ಅದಕ್ಕ ಶ್ಯಾಣ್ಯಾರು ಗಿರಾಕಿ ಇಲ್ಲದಾಗ ಮಾಲು ಹೊರಗ ತೆಗಿಯಂಗೇ ಇಲ್ಲ."

ಅವ್ವ ರೊಟ್ಟಿ ತಿರುವಿ ಹಾಕಿದಳು. "ಆ ಕೆಳಗಿನ ರೇಟು ಯಾರು ಮಾಡ್ತಾರ? ತಗೊಳ್ಳೋರೋ, ಮಾಲಿನವ್ರೋ?"

"ಮಾಲಿನವ್ರು."

"ಹೂಂ," ಅಂದಳು. ಅಷ್ಟೇ. ನನಗೆ ಎರಡನೇ ರೊಟ್ಟಿ ಹಾಕಿದಳು.

ಎರಡನೇ ಸಲ ಎಲ್ಲರೂ ಸುರಪುರದಲ್ಲಿ ಸೇರಿದೆವು. ನಾನು ರಿಪೋರ್ಟ್ ಒಪ್ಪಿಸಿದೆ. ಚಿತ್ರಕಾರ ನಡುಮಟ್ಟದವನು, ಏರುತ್ತಿದ್ದಾನೆ, ಆದರೆ ನಮ್ಮ ಪಟಕ್ಕೆ ಸದ್ಯ ಗಿರಾಕಿ ಇಲ್ಲ, ಮೊಳೆ ಹೊಡೆದಿದ್ದಕ್ಕೆ ಇನ್ನಷ್ಟು ಇಲ್ಲ. ಮಾಮಂದಿರ ನಡುವೆ ಆಗ ಹುಟ್ಟಿದ ಪ್ರೀತಿಯನ್ನು ನೀವು ನೋಡಬೇಕಿತ್ತು.

"ನೀನ ಇಟ್ಕೋ ತಮ್ಮಾ. ಬಸ್ ಸ್ಟ್ಯಾಂಡಿನಿಂದ ಕೈ ಹಿಡ್ಕೊಂಡು ಬಂದಾಂವ ನೀನು."

"ಬ್ಯಾಡಣ್ಣಾ. ಜೀವ ಅದ ಅಂದಾಂವ ನೀನು."

ಕಾಕಾ ಬೇಸತ್ತು ಪಟವನ್ನು ದೊಡ್ಡ ಮಾಮನ ಪಾಲಿಗೆ ಹಾಕಿದರು, ಬದಲಿಗೆ ಒಂದು ಕಿಟ್ಲಿ ಸಣ್ಣವನಿಗೆ ಹೋಯಿತು. ಹೋಟೆಲು ದೊಡ್ಡವನಿಗೆ. ಮನೆ ಸಣ್ಣವನಿಗೆ, ಮೇಲಿನ ಕೋಣೆ ಸಮೇತ. ಎಲ್ಲರಿಗೂ ಚಹಾ ಬಂತು. ತಟ್ಟೆಯೂ ಬಂತು.

"ಅಕ್ಕಾ, ಇಲ್ಲೊಂದು ಸಹಿ," ಎಂದ ಸಣ್ಣ ಮಾಮ.

ಅವ್ವನಿಗೆ ಸಹಿ ಬರುತ್ತದೆ. ಮಹಿಳಾ ಸಂಘಕ್ಕೆ ಸೇರಿದ ಮೇಲೆ ನಾನೇ ಕಲಿಸಿದ್ದು. ಪೆನ್ನು ತೆಗೆದುಕೊಂಡಳು, ಕ್ಯಾಪ್ ತೆಗೆಯಲಿಲ್ಲ. "ಏನು ಬರ್ದಾದ, ಓದ್ರಿ ಕಾಕಾ," ಅಂದಳು.

ಕಾಕಾ ಓದಿದರು. ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ, ಅರಿಶಿನ ಕುಂಕುಮ ಮುಟ್ಟಿರುತ್ತದೆ, ಇತ್ಯಾದಿ.

"ಸೀರಿ ಚಂದ ಅದ," ಅಂದಳು ಅವ್ವ, ತಟ್ಟೆ ನೋಡಿ. "ಇದು ನೀವು ಕೂಗಿದ ರೇಟು. ನನ್ನ ರೇಟು ನಾ ಇನ್ನಾ ಹೇಳಿಲ್ಲ."



ದೊಡ್ಡ ಮಾಮ ಮೊದಲು ನನ್ನನ್ನು ನೋಡಿದ, ಡಿಗ್ರಿಯವಳು ಹೇಳಿಕೊಟ್ಟಿದ್ದಾಳೆ ಎಂಬಂತೆ. ನಾನೇನೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನಕ್ಕ. "ಪಟ ಬೇಕೇನವಾ ತಂಗಿ? ತಗೊಂಡು ಹೋಗು. ಈಗ ಹೋಗು. ಸೀರಿನೂ ತಗೊ, ಪಟಾನೂ ತಗೊ."

"ಪಟ ನಿಮಗಿರ್ಲಿ, ಅಣ್ಣಾ. ನನಗ ಕಿಡಕಿ ಕೊಡ್ರಿ."

"ಯಾವ ಕಿಡಕಿ?"

"ಮ್ಯಾಲಿನ ಖೋಲಿ. ನನ್ನ ಹೆಸರಿಗೆ."

ಮದುವೆಯಾಗುವ ತನಕ ಅವ್ವ ಮಲಗುತ್ತಿದ್ದದ್ದು ಆ ಕೋಣೆಯಲ್ಲೇ, ತನ್ನ ಅಜ್ಜಿಯ ಜೊತೆ. ಆಮೇಲೆ ಅದು ಬಾಡಿಗೆಯ ಕೋಣೆಯಾಯಿತು. ಈಗ ತವರಿಗೆ ಬಂದರೆ ಅವಳ ಹಾಸಿಗೆ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆ ಸುತ್ತಿಡಬೇಕು. ಇಲ್ಲದಿದ್ದರೆ ಹೋಟೆಲಿನ ಹಾಲಿನ ಕ್ಯಾನು ಇಡಲು ಜಾಗವಿರುವುದಿಲ್ಲ. ಇದನ್ನು ಅವಳು ಅಲ್ಲಿ ಹೇಳಲಿಲ್ಲ. ಮೂರನೆಯ ಒಂದು ಪಾಲು ತನಗೆ ಬರುತ್ತದೆ ಅಂತಲೂ ಹೇಳಲಿಲ್ಲ. ಅದು ಕಾಕಾಗೆ ಗೊತ್ತು, ಮಾಮಂದಿರಿಗೆ ಗೊತ್ತು, ಕಾಗದ ಟೈಪ್ ಮಾಡಿದವನಿಗೂ ಗೊತ್ತು.

"ಅಕ್ಕಾ, ನೀ ಬಂದಾಗ ಖೋಲಿ ನಿಂದ ಅಲ್ಲೇನು? ಹೆಸರ್ಯಾಕ?" ಎಂದ ಸಣ್ಣ ಮಾಮ.

"ಹಂಗಿದ್ರ ನಿನ್ನ ಹೆಸರ್ಯಾಕ, ಹಣಮಂತ? ನಿಂದ ಅಲ್ಲೇನು?"

ಕಾಕಾ ಕೆಮ್ಮಿದರು. ನಗು ತಡೆಯಲು ಕೆಮ್ಮಿದರು ಅಂತ ನನ್ನ ಅನುಮಾನ. "ಕಾಗದ ಹೊಸದಾಗಿ ಮಾಡಸ್ರಿ, ಇಲ್ಲಾಂದ್ರ ಕಿಟ್ಲಿ ಹೊಳ್ಳಿ ಕೊಟ್ಟು ಒಂದಾಗಿ ಇರ್ರಿ," ಎಂದು ಟೋಪಿ ಹಾಕಿಕೊಂಡು ಎದ್ದರು.

ಅವ್ವ ಪೆನ್ನನ್ನು ತಟ್ಟೆಯಲ್ಲಿ, ಸೀರೆಯ ಮೇಲಿಟ್ಟಳು. ಶಹಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಳು. ಸೆರಗಿನೊಳಗೆ ಕೈ ಕಟ್ಟಿ ಕುಳಿತಿದ್ದಳು. "ತವರು ಮುಗೀತೇನ ಇಲ್ಲಿಗೆ?" ಅಂತ ಒಮ್ಮೆ ಕೇಳಿದಳು.

ನಮ್ಮಲ್ಲಿ ಕಿಮ್ಮತ್ತು ಅನ್ನುವ ಪದಕ್ಕೆ ಎರಡು ಅರ್ಥ. ಒಂದು, ಬೆಲೆ. ಇನ್ನೊಂದು, ಮರ್ಯಾದೆ. ಒಬ್ಬ ಜರ್ಮನಿಯವನದು ಎರಡೂ ಎಷ್ಟಿದೆ ಅಂತ ತಿಳಿಯಲು ನಾವು ಸಮುದ್ರದಾಚೆ ಮೇಲ್ ಕಳಿಸಿದೆವು, ಟೇಪು ಹಿಡಿದು ಅಳೆದೆವು. ಪಾಲನ್ನೇ ಮುಂದಕ್ಕೆ ಹಾಕಿದೆವು. ಅದೇ ಮನೆಯಲ್ಲಿ ಹುಟ್ಟಿದವಳ ಕಿಮ್ಮತ್ತನ್ನು ಅಳೆಯದೆಯೇ ಟೈಪ್ ಮಾಡಿಸಿದ್ದರು. ತವರಿನಲ್ಲಿ ಸಹಿ ಹಾಕುವ ಎಷ್ಟು ಜನ ಹೆಣ್ಣುಮಕ್ಕಳು ಆ ಕಾಗದವನ್ನು ಓದಿಸಿ ಕೇಳಿದ್ದಾರೆ? ಕೇಳಿದರೆ ಆಸೆಬುರುಕಿ ಅನ್ನಿಸಿಕೊಳ್ಳುತ್ತೇವೆ ಎಂಬ ಹೆದರಿಕೆ. ಗಂಜಿನಿಂದ ಗಾಡಿ ವಾಪಸ್ ಒಯ್ದ ರೈತನನ್ನು ಯಾರಾದರೂ ಆಸೆಬುರುಕ ಅಂದಿದ್ದು ಕೇಳಿದ್ದೀರಾ?

ಆ ಚಿತ್ರಕಾರನ ಇನ್ನೊಂದು ಹಳೆಯ ಚಿತ್ರ ಸದ್ಯದಲ್ಲೇ ಹರಾಜಿಗೆ ಬರುತ್ತಿದೆ. ಅದರ ಕೆಳಗಿನ ರೇಟು ಗುಟ್ಟು, ಯಾರಿಗೂ ಹೇಳುವುದಿಲ್ಲ. ಅದನ್ನು ತಿಳಿದುಕೊಳ್ಳಲು ಮಾಮಂದಿರಿಬ್ಬರೂ ನನಗೆ ಫೋನ್ ಮಾಡುತ್ತಲೇ ಇದ್ದಾರೆ.

ಅವ್ವನ ರೇಟು ಗೊತ್ತಾಗಿದೆಯಲ್ಲ, ಅವಳಿಗೆ ಮಾತ್ರ ಫೋನ್ ಮಾಡುತ್ತಿಲ್ಲ.