ಶ್ರಾವಣಿ ಓದದ ಕೊನೆಯ ಭಾಗ

“ಮಾವಶೀ, ಇದು ಲಾಸ್ಟ್ ಪಾರ್ಟ್. ನೀವೇ ಇಟ್ಕೊಳ್ಳಿ, ನಂಗೆ ನಕೋ, ಬೇಡ,” ಎಂದು ಶ್ರಾವಣಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು. ಅಂದು ಬೆಳಿಗ್ಗೆಯಷ್ಟೇ ಅವಳ ತಾಯಿ ತೀರಿಕೊಂಡಿದ್ದರು.

ಉಡುಪಿ ಕಡೆಯಿಂದ ಬಂದು ನಾಸಿಕ್‌ನಲ್ಲಿ ಹೋಟೆಲ್ ನಡೆಸುವವರ ಮಗಳು ಅವಳು, ಆರನೇ ಕ್ಲಾಸು. ಆಸ್ಪತ್ರೆಯ ಐಸಿಯು ಹೊರಗೆ ನಮ್ಮ ಪರಿಚಯವಾಗಿತ್ತು; ಮರಾಠಿಯವರಂತೆ ನನ್ನನ್ನು ಮಾವಶೀ, ಚಿಕ್ಕಮ್ಮ ಎನ್ನುತ್ತಿದ್ದಳು. ಒಳಗೆ ನನ್ನ ಗಂಡನೂ ಮಲಗಿದ್ದರು. ನಾನು ಅಳುತ್ತ ಕೂತಿದ್ದನ್ನು ನೋಡಿ, ತನ್ನ ಚೀಲದಿಂದ ಮರಾಠಿ ಪುಸ್ತಕಮಾಲೆಯೊಂದರ ಮೊದಲ ಭಾಗ ತೆಗೆದುಕೊಟ್ಟಿದ್ದಳು. ದಾರಿ ತಪ್ಪಿ ಮೋಡಗಳ ನಾಡು ಸೇರಿದ ಹುಡುಗಿಯ ಮಾಯಾಕಥೆ. ಈ ವಯಸ್ಸಿನಲ್ಲಿ ನನಗೇಕೆ ಇದು ಎನ್ನಿಸಿತು. ಆದರೆ ಹಾರುವ ಆಮೆ ಬಂದಮೇಲೆ ಕೆಳಗಿಡಲಾಗಲಿಲ್ಲ. ಒಂದೆರಡು ತಾಸು ಗಂಡನ ಚಿಂತೆಯನ್ನೂ ಮರೆತೆ. ಆಮೇಲೆ ದಿನಾ ಮುಂದಿನ ಭಾಗ ತಂದುಕೊಡುತ್ತಿದ್ದಳು. ಕೊನೆಯದನ್ನು ಮಾತ್ರ ತಾನೂ ಓದಿರಲಿಲ್ಲ. ಅಮ್ಮ ಮನೆಗೆ ಬಂದಮೇಲೆ ಇಬ್ಬರೂ ಕೂಡಿ ಓದಬೇಕೆಂದು ಇಟ್ಟುಕೊಂಡಿದ್ದಳು.

“ಮುಂದ ಎಂದಾದ್ರೂ ಓದಬೇಕನಸ್ತದ, ಇಟ್ಕೋ ನನ್ನವ್ವಾ,” ಎಂದೆ. ಅವಳು ಬೇಡವೆಂದು ತಲೆಯಾಡಿಸಿ, ಅಪ್ಪನ ಹಿಂದೆ ಮೆಟ್ಟಿಲಿಳಿದು ಹೋದಳು.

ನನ್ನ ಗಂಡ ಗುಣವಾಗಿ ಮನೆಗೆ ಬಂದರು. ಎಷ್ಟೋ ದಿನಗಳ ಮೇಲೆ ಆ ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಹುಡುಗಿ ತನ್ನ ಮನೆಯ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುವುದು ಅವಳ ಅಮ್ಮ. ಶ್ರಾವಣಿಯ ಅಪ್ಪನ ಹೋಟೆಲ್ ಎಲ್ಲಿದೆಯೆಂದು ನನಗೆ ಗೊತ್ತು. ಪುಸ್ತಕ ಹಿಡಿದು ಅಲ್ಲಿಗೆ ಹೋಗುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.